ಪವಾಡಗಳ ಪರೀಕ್ಷಾ ಸಮಿತಿಗಳು: ಒಂದು ಐತಿಹಾಸಿಕ ವಿವೇಚನೆ

ಈಚೆಗೆ ಅರಸೀಕೆರೆಯ ಕಡೆಯ ವಿದ್ಯಾರ್ಥಿಯೊಬ್ಬನು ಚಿತ್ರಕಥಾ ಪುಸ್ತಕದ ಸಂಚಿಕೆಯೊಂದನ್ನು ತಂದು ತೋರಿಸಿದನು. ದೆವ್ವಭೂತಗಳ ಕಾಟವಿರುವೆಡೆಗೆ ತಂಡಗಟ್ಟಿಕೊಂಡು ಹೋಗಿ, ಅದರ ಮೂಲವನ್ನು ಪತ್ತೆಹಚ್ಚುವವರ ಸಾಹಸವೇ ಅದರ ವಸ್ತು. ಅಮೆರಿಕದ ಮೈಕ್ ಮಿಗ್ನೋಲಾ ಎಂಬ ಚಿತ್ರಕಾರನು 1994ರಲ್ಲಿ ಪ್ರಕಟಿಸತೊಡಗಿದ ‘ಹೆಲ್‌ಬಾಯ್’ ಮಾಲೆಯು ಈ ಜಾತಿಯ ಕಥೆಗಳಲ್ಲಿ ಹೆಸರಾದುದು. “ಇಂತಹ ತಂಡಗಳು ನಿಜವಾಗಿಯೂ ಇದ್ದವೇ, ಸರ್?” ಎಂದು ಆ ವಿದ್ಯಾರ್ಥಿಯು ಕೇಳಿದನು. ಇದ್ದವು, ಮಾತ್ರವಲ್ಲ, ಅವುಗಳಲ್ಲೊಂದು ನಮ್ಮ ನಾಡಿನ ವಿಶ್ವವಿದ್ಯಾನಿಲಯದಲ್ಲಿಯೇ ಹುಟ್ಟಿದ್ದಿತು. ಆದರೆ ಕಥೆಗೂ ಚರಿತ್ರೆಗೂ ಒಂದು ಮುಖ್ಯ ಭೇದವುಂಟು. ಕಥೆಯ ತಂಡವು ದೆವ್ವ ಉಂಟೆಂದು ಒಪ್ಪಿಕೊಂಡೇ ಮನೆಯಿಂದ ಹೊರಡುತ್ತದೆ. ಚರಿತ್ರೆಯಲ್ಲಿ ಕಂಡುಬರುವ ತಂಡಗಳಾದರೋ ‘ಇದು ನಿಜವೇ?’ ಎಂಬ ಪ್ರಶ್ನೆಯಿಂದ ಹೊರಡುತ್ತವೆ. ಈ ಪ್ರಶ್ನೆಯನ್ನು ಕೇಳುವ ಕ್ರಮವು ಹೇಗೆ ಬೆಳೆದುಬಂದಿತು, ಅದರ ಶಕ್ತಿ ಎಷ್ಟು, ಮಿತಿ ಎಲ್ಲಿ ಎಂಬುದನ್ನು ಮೂರು ನಿದರ್ಶನಗಳಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದು ಪ್ಯಾರಿಸ್ ನಗರದ ನಿದರ್ಶನ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೆಸ್ಮರ್ ಎಂಬ ವೈದ್ಯನು, ಕಣ್ಣಿಗೆ ಕಾಣದ ಒಂದು ಕಾಂತದ್ರವವು ಪ್ರಾಣಿಗಳ ದೇಹದಲ್ಲಿ ಹರಿಯುತ್ತಿರುವುದೆಂದೂ ಅದನ್ನು ತಾನು ನಿಯಂತ್ರಿಸಿ ರೋಗಗಳನ್ನು ಗುಣಪಡಿಸಬಲ್ಲೆನೆಂದೂ ಸಾರಿದನು. ಅವನ ಸನ್ನಿಧಿಯಲ್ಲಿ ಜನರು ನಡುಗುತ್ತಿದ್ದರು, ಮೂರ್ಛೆ ಹೋಗುತ್ತಿದ್ದರು. 1784ರಲ್ಲಿ ಹದಿನಾರನೆಯ ಲೂಯಿ ದೊರೆಯು ಇದರ ಪರೀಕ್ಷೆಗಾಗಿ ಒಂದು ಆಯೋಗವನ್ನು ನೇಮಿಸಿದನು. ರಸಾಯನ ವಿಜ್ಞಾನಿ ಲಾವೋಸಿಯೇ, ಖಗೋಳಜ್ಞ ಬೈಯಿ, ಆಗ ಅಮೆರಿಕದ ರಾಯಭಾರಿಯಾಗಿ ಫ್ರಾನ್ಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಮೊದಲಾದವರು ಅದರ ಸದಸ್ಯರಾಗಿದ್ದರು. ಮೆಸ್ಮರನು ಪರೀಕ್ಷೆಗೆ ಒಳಗಾಗಲಿಲ್ಲ. ಅವನ ಶಿಷ್ಯನಾದ ದೆಸ್ಲೋನನು ಒಪ್ಪಿಕೊಂಡನು.

ಪಾಸಿ ಎಂಬಲ್ಲಿದ್ದ ಫ್ರಾಂಕ್ಲಿನ್ನನ ತೋಟದಲ್ಲಿ ನಡೆದ ಪ್ರಯೋಗವು ಇಂದಿಗೂ ಬೋಧಪ್ರದವಾಗಿದೆ. ದೆಸ್ಲೋನನು ಒಂದು ಮರಕ್ಕೆ ಕಾಂತಶಕ್ತಿಯನ್ನು ಊಡಿದನು. ಬಳಿಕ ಹನ್ನೆರಡು ವರ್ಷದ ಬಾಲಕನೊಬ್ಬನನ್ನು ಕಣ್ಣು ಕಟ್ಟಿ ಕರೆತಂದು ಬೇರೆ ಬೇರೆ ಮರಗಳನ್ನು ಅಪ್ಪಿಕೊಳ್ಳುವಂತೆ ಮಾಡಲಾಯಿತು. ನಾಲ್ಕನೆಯ ಮರದ ಬಳಿ ಅವನು ಮೂರ್ಛೆ ಹೋದನು. ಆದರೆ ಕಾಂತಶಕ್ತಿಯನ್ನು ಊಡಿದ್ದ ಮರವು ಅದಾಗಿರಲಿಲ್ಲ. ಬಾಲಕನ ಮೂರ್ಛೆ ಸುಳ್ಳಲ್ಲ, ಅದಕ್ಕೆ ಹೇಳಿದ ಕಾರಣ ಸುಳ್ಳು ಎಂಬುದು ಇದರಿಂದ ಸ್ಪಷ್ಟವಾಯಿತು. ಕಲ್ಪನೆಯಿಲ್ಲದೆ ಕಾಂತಶಕ್ತಿಯಿಂದ ಏನೂ ಆಗದೆಂದೂ, ಕಾಂತಶಕ್ತಿಯಿಲ್ಲದೆಯೂ ಕಲ್ಪನೆಯೊಂದರಿಂದಲೇ ಇಂತಹ ಪರಿಣಾಮಗಳು ಉಂಟಾಗಬಹುದೆಂದೂ ಆಯೋಗವು ನಿರ್ಣಯಿಸಿತು. ಅನುಭವವನ್ನೂ ಅದರ ವಿವರಣೆಯನ್ನೂ ಬೇರ್ಪಡಿಸಿ ನೋಡಿದುದೇ ಈ ಆಯೋಗದ ದೊಡ್ಡ ಕೊಡುಗೆ. ಮೈಮೇಲೆ ದೇವರು ಬಂದಿತೆನ್ನುವ ಹೆಂಗಸನ್ನು ಸುಳ್ಳುಗಾತಿಯೆಂದು ಜರೆಯುವವರು ಈ ಭೇದವನ್ನು ಗಮನಿಸಬೇಕು.

ಎರಡನೆಯ ನಿದರ್ಶನವು ನಮಗೆ ಹತ್ತಿರದ್ದು. 1882ರಲ್ಲಿ ಲಂಡನ್ನಿನಲ್ಲಿ ಅತೀಂದ್ರಿಯ ವಿಷಯಗಳ ಸಂಶೋಧನೆಗಾಗಿ ಒಂದು ಸಂಘವು ಸ್ಥಾಪಿತವಾಯಿತು. ಕೇಂಬ್ರಿಡ್ಜಿನ ತತ್ತ್ವಶಾಸ್ತ್ರಜ್ಞ ಹೆನ್ರಿ ಸಿಜ್‌ವಿಕ್ ಅದರ ಪ್ರಥಮ ಅಧ್ಯಕ್ಷ. ಆ ಕಾಲದಲ್ಲಿ ಮದರಾಸಿನ ಅಡೆಯಾರಿನಲ್ಲಿದ್ದ ಥಿಯಾಸಾಫಿಕಲ್ ಸೊಸೈಟಿಯ ಕೇಂದ್ರದಲ್ಲಿ, ಮೇಡಂ ಬ್ಲಾವಟ್ಸ್ಕಿಯವರ ಕೊಠಡಿಗೆ ಹೊಂದಿಕೊಂಡಿದ್ದ ಒಂದು ಪೆಟ್ಟಿಗೆಯಲ್ಲಿ ಅಗೋಚರ ಮಹಾತ್ಮರ ಪತ್ರಗಳು ತಾವಾಗಿ ಬಂದು ಬೀಳುತ್ತವೆಂಬ ಪ್ರತೀತಿ ಹಬ್ಬಿದ್ದಿತು. ಅಲ್ಲಿಯ ಕೆಲಸದಲ್ಲಿದ್ದ ಕೂಲೋಂ ದಂಪತಿಗಳು ಇದೆಲ್ಲ ಕೈಚಳಕವೆಂದು ಆರೋಪಿಸಿದರು. ಅವರ ವಶದಲ್ಲಿದ್ದ ಪತ್ರಗಳು 1884ರಲ್ಲಿ ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಪತ್ರಿಕೆಯಲ್ಲಿ ಅಚ್ಚಾದುವು. ಸಂಘವು ರಿಚರ್ಡ್ ಹಾಡ್ಜ್‌ಸನ್ ಎಂಬ ತರುಣನನ್ನು ತನಿಖೆಗಾಗಿ ಕಳುಹಿಸಿತು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸೀಮೆಗಳು ಆಗ ಬಳ್ಳಾರಿ ಜಿಲ್ಲೆಗೆ ಸೇರಿ ಮದರಾಸು ಆಧಿಪತ್ಯಕ್ಕೆ ಒಳಪಟ್ಟಿದ್ದುವು. ಆದುದರಿಂದ ಇದನ್ನು ನಮ್ಮ ಅಂದಿನ ಪ್ರಾಂತ್ಯದೊಳಗಿನ ಘಟನೆಯೆಂದೇ ಹೇಳಬಹುದು.

ಸಾಕ್ಷಿಗಳ ಹೇಳಿಕೆಗಳನ್ನೂ ಪತ್ರಗಳ ಕೈಬರಹವನ್ನೂ ಪರೀಕ್ಷಿಸಿದ ಹಾಡ್ಜ್‌ಸನ್, ಆ ಘಟನೆಗಳು ವಂಚನೆಯೆಂದು ತೀರ್ಮಾನಿಸಿದನು. 1885ರಲ್ಲಿ ಅವನ ವರದಿಯು ಪ್ರಕಟವಾಯಿತು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ನೂರು ವರ್ಷಗಳ ತರುವಾಯ, 1986ರಲ್ಲಿ, ಅದೇ ಸಂಘದ ಪತ್ರಿಕೆಯಲ್ಲಿ ಕೈಬರಹ ಪರೀಕ್ಷೆಯಲ್ಲಿ ಪರಿಣತನಾದ ವರ್ನನ್ ಹ್ಯಾರಿಸನ್ ಎಂಬಾತನು, ಹಾಡ್ಜ್‌ಸನ್ ತನಗೆ ಬೇಕಾದ ಸಾಕ್ಷ್ಯವನ್ನು ಎತ್ತಿಹಿಡಿದು ಬೇಡವಾದುದನ್ನು ಬದಿಗೊತ್ತಿದನೆಂದು ವಾದಿಸಿದನು. ಇದರಿಂದ ಅಡೆಯಾರಿನ ಪವಾಡಗಳು ನಿಜವೆಂದು ಸಿದ್ಧವಾಗುವುದಿಲ್ಲ. ಪರೀಕ್ಷಕನೂ ಪರೀಕ್ಷೆಗೆ ಅತೀತನಲ್ಲ ಎಂಬುದು ಮಾತ್ರ ಸಿದ್ಧವಾಗುತ್ತದೆ. ತನ್ನ ವರದಿಯ ಮೇಲಣ ಕಟುವಿಮರ್ಶೆಯನ್ನು ತನ್ನ ಪತ್ರಿಕೆಯಲ್ಲಿಯೇ ಅಚ್ಚು ಮಾಡಿದ ಆ ಸಂಘದ ನಡತೆಯು ವಿದ್ವತ್‌ಸಂಸ್ಥೆಗಳಿಗೆ ಅನುಕರಣೀಯವಾದುದು.

ಮೂರನೆಯದು ಬೆಂಗಳೂರಿನ ನಿದರ್ಶನ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬಡತನದಲ್ಲಿ ಓದಿ, 1942ರ ಚಳವಳಿಯಲ್ಲಿ ಸೆರೆವಾಸ ಅನುಭವಿಸಿ, ಮುಂದೆ ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದು, ಅದರ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬ್ರಹ್ಮಚಾರಿಯಾಗಿ ಬಾಳಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ‘ಪವಾಡಗಳು ಹಾಗೂ ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳ’ ತನಿಖೆಗಾಗಿ ಒಂದು ಸಮಿತಿಯನ್ನು ರಚಿಸಿ, ಅದರ ಅಧ್ಯಕ್ಷತೆಯನ್ನು ತಾವೇ ವಹಿಸಿದರು. ಅದೇ ವರ್ಷ ಅಮೆರಿಕದಲ್ಲಿಯೂ ತತ್ತ್ವಜ್ಞ ಪಾಲ್ ಕರ್ಟ್ಸ್ ಮೊದಲಾದವರು ಇಂತಹುದೇ ಒಂದು ಸಮಿತಿಯನ್ನು ಸ್ಥಾಪಿಸಿದುದು ಗಮನಾರ್ಹ.

ಸಮಿತಿಯ ಹೆಸರಿನಲ್ಲಿರುವ ‘ಪರೀಕ್ಷಿಸಬಹುದಾದ’ ಎಂಬ ವಿಶೇಷಣವೇ ಅದರ ತಿರುಳು. ದೇವರಿದ್ದಾನೆಯೇ, ಆತ್ಮವು ಅಮರವೇ ಎಂಬ ಪ್ರಶ್ನೆಗಳಿಗೆ ಸಮಿತಿಯು ಕೈಹಾಕಬೇಕಾಗಿರಲಿಲ್ಲ. ಬರಿಗೈಯಲ್ಲಿ ವಿಭೂತಿ ಹುಟ್ಟುತ್ತದೆ ಎಂದರೆ ಅದು ಕಣ್ಣಿನ ಮುಂದೆ ನಡೆಯುವ ಸಂಗತಿ. ಕಣ್ಣಿನ ಮುಂದೆ ನಡೆಯುವುದನ್ನು ಪರೀಕ್ಷಿಸಬಹುದು. ಪಾಂಡವಪುರದ ಬಾಲಕನೊಬ್ಬನು ಹೀಗೆಯೇ ವಿಭೂತಿಯನ್ನು ಸೃಷ್ಟಿಸುತ್ತಾನೆಂಬ ಸುದ್ದಿ ಹಬ್ಬಿ ಜನರು ನೆರೆಯುತ್ತಿದ್ದರು. ಸಮಿತಿಯವರು ಅಲ್ಲಿಗೆ ಹೋಗಿ ನೋಡಲಾಗಿ, ವಿಭೂತಿಯು ಮೊದಲೇ ಉಡುಪಿನಲ್ಲಿ ಅಡಗಿಸಿಟ್ಟದ್ದೆಂದು ತಿಳಿದುಬಂದಿತು. ಪ್ಯಾರಿಸಿನ ಬಾಲಕನ ಮೂರ್ಛೆಗೂ ಪಾಂಡವಪುರದ ವಿಭೂತಿಗೂ ಇರುವ ಅಂತರವನ್ನು ಇಲ್ಲಿ ನೆನೆಯಬೇಕು. ಒಂದು ಪ್ರಾಮಾಣಿಕವಾದ ಭ್ರಮೆ. ಇನ್ನೊಂದು ಹಿರಿಯರ ನೆರಳಿನಲ್ಲಿ ಮಗುವಿನ ಕೈಯಿಂದ ನಡೆದ ಮರೆಮಾಚುವಿಕೆ. ಹೋಗಿ ನೋಡದೆ ಇವೆರಡನ್ನೂ ವಿಂಗಡಿಸುವುದು ಸಾಧ್ಯವಿಲ್ಲ.

ನರಸಿಂಹಯ್ಯನವರು ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರಗಳನ್ನು ಬರೆದು, ಸಮಿತಿಯ ನಿಯಮಗಳಿಗೆ ಒಳಪಟ್ಟು ಪವಾಡಗಳನ್ನು ತೋರಿಸಬೇಕೆಂದು ಕೋರಿದರು. ಪತ್ರಗಳಿಗೆ ಉತ್ತರ ಬರಲಿಲ್ಲ. ವಿಜ್ಞಾನದ ವ್ಯಾಪ್ತಿ ಇಂದ್ರಿಯಗಳ ಮಟ್ಟಿನದು, ಆಧ್ಯಾತ್ಮವು ಅದನ್ನು ಮೀರಿದುದು ಎಂಬುದು ಬಾಬಾ ಅವರ ನಿಲುವಾಗಿದ್ದಿತು. ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ವಾದವಿವಾದ ನಡೆಯಿತು. 1977ರ ಆಗಸ್ಟ್‌ನಲ್ಲಿ ಸಮಿತಿಯು ವಿಸರ್ಜಿತವಾಯಿತು.

ಈ ಸಮಿತಿಯು ಸೋತಿತೆಂದು ಹೇಳಬಹುದೇ? ಇಲ್ಲಿ ಚರಿತ್ರಕಾರನು ಎರಡು ಕಡೆಗೂ ಎಚ್ಚರದಿಂದಿರಬೇಕು. ಉತ್ತರ ಬರಲಿಲ್ಲವೆಂಬುದನ್ನು ವಂಚನೆಯ ಒಂದು ಸೂಚನೆಯೆಂದು ನರಸಿಂಹಯ್ಯನವರು ಭಾವಿಸಿದರು. ಆದರೆ ಕಟ್ಟುನಿಟ್ಟಾದ ತರ್ಕದಲ್ಲಿ ಮೌನವು ಮೌನವೇ ಹೊರತು ಸಾಕ್ಷ್ಯವಾಗಲಾರದು. ಅಂತೆಯೇ ಸಮಿತಿಯು ಅಲ್ಲಿ ಏನನ್ನೂ ಸಿದ್ಧಪಡಿಸಲಿಲ್ಲವಾದುದರಿಂದ ಪವಾಡವು ನಿಜವೆಂದು ವಾದಿಸುವುದೂ ಅಷ್ಟೇ ತಪ್ಪು. ಶಾಸನವೊಂದು ತನ್ನಲ್ಲಿದೆಯೆನ್ನುವವನು ಅದನ್ನು ತೋರಿಸದಿದ್ದರೆ, ಅದು ನಕಲಿಯೆಂದು ನಾವು ಬರೆಯುವುದಿಲ್ಲ. ಅದನ್ನು ಆಧಾರವಾಗಿ ಬಳಸುವುದೂ ಇಲ್ಲ. ಸಾಧಿಸುವ ಹೊಣೆ ಹೇಳಿದವನದು. ಸಮಿತಿಯ ದೌರ್ಬಲ್ಯವು ಬೇರೊಂದೆಡೆ ಇದ್ದಿತು. ಯಾರನ್ನೂ ಕರೆಸಿ ಕೇಳುವ ಅಧಿಕಾರ ಅದಕ್ಕಿರಲಿಲ್ಲ. ಎದುರು ಪಕ್ಷದ ಒಪ್ಪಿಗೆಯೇ ಅದರ ಬಾಗಿಲು. 1784ರಲ್ಲಿ ರಾಜಾಜ್ಞೆಯಿದ್ದೂ ಮೆಸ್ಮರನು ದೂರ ಉಳಿದನೆಂಬುದನ್ನು ನೆನೆದರೆ, ಇದು ಬೆಂಗಳೂರಿನ ಸಮಿತಿಯೊಂದರ ಕೊರತೆಯಲ್ಲವೆಂಬುದು ವಿದಿತವಾಗುತ್ತದೆ.

ಆದರೂ ಆ ಪ್ರಯತ್ನವು ವ್ಯರ್ಥವಾಗಲಿಲ್ಲ. ಜನಸಾಮಾನ್ಯರ ನಂಬಿಕೆಯನ್ನು ತಾಳ್ಮೆಯಿಂದ ಪರೀಕ್ಷಿಸುವುದು ವಿಶ್ವವಿದ್ಯಾನಿಲಯದ ಕರ್ತವ್ಯಗಳಲ್ಲೊಂದು ಎಂಬ ಮಾತು ಆಗ ನಾಡಿನ ಮುಂದೆ ಬಂದಿತು. ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸುವ ಪ್ರವೃತ್ತಿಯನ್ನೂ ಬೆಳೆಸಿಕೊಳ್ಳುವುದು ಪೌರರ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನಕ್ಕೆ ಸೇರಿದುದು ಕೂಡ 1976ರ ನಲವತ್ತೆರಡನೆಯ ತಿದ್ದುಪಡಿಯಿಂದಲೇ. ಒಂದು ಮತ್ತೊಂದಕ್ಕೆ ಕಾರಣವೆಂದು ಹೇಳಲಾಗದು. ಆದರೆ ಎರಡೂ ಒಂದೇ ಕಾಲದ ಕೂಸುಗಳು.

ಈಗ ನಮ್ಮ ಸೀಮೆಯ ಮಾತು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಗೊರವಯ್ಯನು ಬಿಲ್ಲನ್ನೇರಿ ಕಾರ್ಣಿಕವನ್ನು ನುಡಿಯುತ್ತಾನೆ. ನೆರೆದ ಅಪಾರ ಜನಸ್ತೋಮವು ಒಮ್ಮೆಲೇ ನಿಶ್ಶಬ್ದವಾಗುತ್ತದೆ; ಒಂದೇ ಒಂದು ವಾಕ್ಯ ಕೇಳಿಬರುತ್ತದೆ. ಮಳೆಬೆಳೆಗೆಂದು ಕೆಲವರು, ರಾಜಕಾರಣಕ್ಕೆಂದು ಕೆಲವರು ಅದನ್ನು ಅರ್ಥೈಸುತ್ತಾರೆ. ಇದನ್ನು ಅಲ್ಲಗಳೆಯುವುದಾಗಲಿ ಹಾಸ್ಯ ಮಾಡುವುದಾಗಲಿ ನಮ್ಮ ಕೆಲಸವಲ್ಲ. ಬರವನ್ನು ಕಂಡುಂಡ ಒಕ್ಕಲಿಗನು ಮುಂದಿನ ಮಳೆಯ ಬಗೆಗೆ ಒಂದು ಮಾತಿಗಾಗಿ ಕಿವಿಗೊಡುವುದು ಸಹಜ. ಆದರೆ ‘ಕಳೆದ ವರ್ಷದ ಕಾರ್ಣಿಕ ನಿಜವಾಯಿತು’ ಎಂಬ ಮಾತು ಪರೀಕ್ಷಿಸಬಹುದಾದ ಮಾತು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ನುಡಿಯನ್ನು ಅದೇ ದಿನ ಯಥಾವತ್ತಾಗಿ ಬರೆದುಕೊಳ್ಳಲಿ. ಯಾರು, ಯಾವ ದಿನ, ಏನು ಅರ್ಥ ಹೇಳಿದರೆಂಬುದನ್ನು ದಾಖಲಿಸಲಿ. ವರ್ಷ ಕಳೆದ ಮೇಲೆ ಮಳೆಯ ಲೆಕ್ಕದೊಡನೆ ಹೋಲಿಸಲಿ. ಅರ್ಥವು ಘಟನೆಗೆ ಮೊದಲು ಹುಟ್ಟಿತೋ ಆಮೇಲೆ ಹುಟ್ಟಿತೋ ಎಂಬುದು ಹತ್ತು ವರ್ಷಗಳ ದಾಖಲೆಯಿಂದ ತಾನಾಗಿ ತಿಳಿಯುತ್ತದೆ. ಇದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ಯಾರ ಭಕ್ತಿಗೂ ನೋವಿಲ್ಲ. ಬೆಂಗಳೂರಿನ ಸಮಿತಿಗೆ ಎದುರಾದ ಮುಚ್ಚಿದ ಬಾಗಿಲು ಇಲ್ಲಿ ಎದುರಾಗದು.

ಆದರೆ ಎಲ್ಲವೂ ಈ ಒರೆಗಲ್ಲಿಗೆ ಸಿಗುವಂತಹುದಲ್ಲ. ಒಂದು ಕಾಲಕ್ಕೆ ಪಾಂಡ್ಯ ಅರಸರ ರಾಜಧಾನಿಯಾಗಿದ್ದ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಗುಡ್ಡದಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವ ಪದ್ಧತಿ ಇದ್ದಿತು. ಅಲ್ಲಿ ‘ಇದು ನಿಜವೇ?’ ಎಂಬ ಪ್ರಶ್ನೆ ಸಾಲದು. ‘ಇದರಿಂದ ಯಾರು ನೊಂದರು?’ ಎಂದು ಕೇಳಬೇಕು. ಅದಕ್ಕೆ ಉತ್ತರವಾಗಿ ಬಂದುದು ಪರೀಕ್ಷಾ ಸಮಿತಿಯಲ್ಲ, ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1982ರ ಕಾನೂನು. ಹಾವು ಕಚ್ಚಿದವನನ್ನು ಆಸ್ಪತ್ರೆಗೊಯ್ಯಲು ಬಿಡದೆ ಮಂತ್ರ ಹಾಕುವುದು, ದೆವ್ವ ಬಿಡಿಸುವೆನೆಂದು ಹೊಡೆಯುವುದು ಮೊದಲಾದುವನ್ನು ಅಪರಾಧವೆಂದು ಸಾರಿದ 2017ರ ಕರ್ನಾಟಕದ ಕಾನೂನೂ ಇದೇ ಬಗೆಯದು. ಕಾನೂನು ಕೇಡನ್ನು ತಡೆಯಬಲ್ಲುದು, ಕಾರಣವನ್ನು ತಿಳಿಸಿಕೊಡಲಾರದು. ತಿಳಿಸಿಕೊಡುವ ಕೆಲಸ ಶಾಲೆ ಕಾಲೇಜುಗಳಿಗೆ ಉಳಿದೇ ಇದೆ.

ಚಿತ್ರಕಥೆಯ ತಂಡವು ಮೂವತ್ತು ಪುಟಗಳಲ್ಲಿ ದೆವ್ವವನ್ನು ಗೆದ್ದು ಮನೆಗೆ ಮರಳುತ್ತದೆ. ಪ್ಯಾರಿಸಿನ ವರದಿಯ ತರುವಾಯವೂ ಮೆಸ್ಮರನ ಮತವು ಅಳಿಯಲಿಲ್ಲ. ಅಡೆಯಾರಿನ ವಿವಾದ ನೂರು ವರ್ಷ ನಡೆಯಿತು. ಬೆಂಗಳೂರಿನ ಸಮಿತಿ ಅಲ್ಪಾಯುವಾಯಿತು. ಇಷ್ಟಾದರೂ ಹೋಗಿ ನೋಡುವ, ನೋಡಿದುದನ್ನು ಬರೆದಿಡುವ, ಬರೆದುದನ್ನು ಇತರರ ಪರೀಕ್ಷೆಗೆ ಒಪ್ಪಿಸುವ ಕ್ರಮವೊಂದು ಈ ಮೂರರಿಂದಲೂ ನಮಗೆ ದೊರೆತಿದೆ. ಪುಸ್ತಕ ತಂದ ವಿದ್ಯಾರ್ಥಿಗೆ ಲೇಖಕನು ಹೇಳಿದುದೂ ಇಷ್ಟೇ: ಮುಂದಿನ ಭರತ ಹುಣ್ಣಿಮೆಗೆ ಮೈಲಾರಕ್ಕೆ ಹೋಗುವಾಗ ಜೇಬಿನಲ್ಲಿ ಒಂದು ನೋಟುಪುಸ್ತಕವಿರಲಿ.