ಏರಿದ ತೆರಿಗೆಯಲ್ಲಿ ಬಡವರ ಪಾಲು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಬಾಡಿಗೆಯ ಬಿಸಿ ಹೊಸದಲ್ಲ. ಬಡಾವಣೆ ಸುಧಾರಿಸಿದಷ್ಟೂ ನಾವು ದೂರ ಸರಿಯುತ್ತೇವೆ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 1952ರಲ್ಲಿ ಒಂದು ಉಪಾಯವನ್ನು ಕೈಗೊಂಡಿತು. ಹಾಳುಬಿದ್ದ ಪೇಟೆಯನ್ನು ಸಾಲ ತಂದು ಸುಧಾರಿಸುವುದು. ಅದರಿಂದ ಹೆಚ್ಚಿದ ಆಸ್ತಿ ತೆರಿಗೆಯಿಂದಲೇ ಆ ಸಾಲವನ್ನು ತೀರಿಸುವುದು. ಪೇಟೆಗಳೇನೋ ಬೆಳಗಿದವು, ಬಡವರ ಎಷ್ಟೋ ಮನೆಗಳು ಉರುಳಿದವು. ಆದುದರಿಂದ 1976ರ ಕಾಯಿದೆಯು, ಹೊಸ ಯೋಜನೆಗಳ ಹೆಚ್ಚುವರಿ ತೆರಿಗೆಯಲ್ಲಿ ನೂರಕ್ಕೆ 20 ಪಾಲನ್ನು ಅಲ್ಪ ಹಾಗೂ ಮಧ್ಯಮ ವರಮಾನದವರ ವಸತಿಗೆ ಮೀಸಲಿಟ್ಟಿತು. ಆದರೆ ಶಾಲೆಗಳ ಪಾಲಿಗೆ ಬಿದ್ದ ಖೋತಾವನ್ನು ರಾಜ್ಯದ ಬೊಕ್ಕಸವೇ ತುಂಬಬೇಕಾಯಿತು. ಬೊಕ್ಕಸ ಬರಿದಾಗಲು, 2012ರಲ್ಲಿ ಆ ಮಂಡಳಿಗಳನ್ನೇ ಮುಚ್ಚಲಾಯಿತು. ವಸತಿಯ ಮೀಸಲೂ ನಿಂತಿತು.

ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮಗೆ ತೋರುವುದಿಷ್ಟೆ: ಊರು ಬೆಳೆದ ಲಾಭದಲ್ಲಿ ಬಡವನ ಪಾಲನ್ನು ಖಾತೆ ತೆರೆದ ದಿನವೇ ಬರೆದಿಡಬೇಕು; ಅದು ಬೇರೆಯವರ ಖಾತೆಯ ಹಣವಾಗಿರಲೂ ಬಾರದು.