ನವಾಬ್ ಹೈದರಾಲಿಯವರ ಷಜರಾ ಮತ್ತು ಮೂವರು ವಿಧವೆಯರು



ನಿಮ್ಮ ತಾತನ ತಂದೆಯ ಹೆಸರು ನಿಮಗೆ ಗೊತ್ತೇ? ತರಗತಿಯಲ್ಲಿ ಹೀಗೆ ಕೇಳಿದರೆ ಕೆಲವರು ಕೈ ಎತ್ತುತ್ತಾರೆ. ಆ ತಾತನ ತಾಯಿಯ ಹೆಸರು ಕೇಳಿದರೆ ಎಲ್ಲರೂ ಮೌನ. ನಮ್ಮ ಷಜರಾಗಳಲ್ಲಿ, ಅಂದರೆ ವಂಶಾವಳಿಗಳಲ್ಲಿ, ಗಂಡಸರ ಹೆಸರುಗಳೇ ಸಾಲಾಗಿರುತ್ತವೆ. ಮನೆಯೊಳಗಿನ ಕಷ್ಟಸುಖ ಅಲ್ಲಿ ಕಾಣುವುದಿಲ್ಲ. ಇದಕ್ಕೆ ನಮ್ಮ ಸೀಮೆಯದೇ ಒಂದು ಮನೆತನದ ಉದಾಹರಣೆ ನೋಡೋಣ.

ನವಾಬ್ ಹೈದರಾಲಿ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ನಾವೆಲ್ಲ ಅದೇ ಜಿಲ್ಲೆಯವರು. ಅವರ ಪೂರ್ವಜರ ಬಗ್ಗೆ ಎರಡು ಮುಖ್ಯ ದಾಖಲೆಗಳಿವೆ. ಒಂದು, ಹೈದರ್ ಮತ್ತು ಟಿಪ್ಪು ಇಬ್ಬರ ಸೇವೆಯಲ್ಲಿದ್ದ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ ಫಾರಸಿಯಲ್ಲಿ ಬರೆದ 'ನಿಶಾನೆ ಹೈದರಿ'. ಇನ್ನೊಂದು, ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ 1817ರ ನಡುವೆ ಪ್ರಕಟಿಸಿದ ಇತಿಹಾಸ.

ಕಿರ್ಮಾನಿಯ ಪ್ರಕಾರ ವಲಿ ಮುಹಮ್ಮದ್ ದೆಹಲಿಯಿಂದ ಗುಲಬರ್ಗಾಕ್ಕೆ ಬಂದರು. ಅವರ ಮಗ ಮುಹಮ್ಮದ್ ಅಲಿ ಕೋಲಾರದಲ್ಲಿ ಗೌರವದಿಂದ ಬಾಳಿದರು. ಮುಹಮ್ಮದ್ ಅಲಿಯವರ ಮಗನೇ ಹೈದರ್‌ರ ತಂದೆ ಫತೆ ಮುಹಮ್ಮದ್. ವಿಲ್ಕ್ಸ್ ಬೇರೆಯೇ ಹೇಳುತ್ತಾನೆ. ಅವನ ಬರಹದಲ್ಲಿ ವಲಿ ಮುಹಮ್ಮದ್ ಮುಹಮ್ಮದ್ ಅಲಿಯವರ ತಂದೆಯಲ್ಲ, ಸಹೋದರ. ಮುಹಮ್ಮದ್ ಅಲಿ ಕೋಲಾರದಲ್ಲಿ ತೀರಿಕೊಂಡಾಗ ಈ ಸಹೋದರ ಆಸ್ತಿಯನ್ನೆಲ್ಲ ಕಿತ್ತುಕೊಂಡು ವಿಧವೆಯನ್ನೂ ಮಗುವನ್ನೂ ಬೀದಿಗೆ ತಳ್ಳಿದನಂತೆ. ಕೋಲಾರದ ಒಬ್ಬ ನಾಯಕ ಅವರಿಗೆ ಆಶ್ರಯ ಕೊಟ್ಟ. ಒಂದು ಷಜರಾದಲ್ಲಿ ಹಿರಿಯನಾಗಿ ನಿಂತ ಹೆಸರು ಇನ್ನೊಂದರಲ್ಲಿ ಯತೀಮನ ಹಕ್ಕು ಕಸಿದವನ ಹೆಸರಾಗಿದೆ!

ಹೈದರ್‌ರ ತಾಯಿಯ ವಿಷಯದಲ್ಲೂ ಹೀಗೆಯೇ. ಕಿರ್ಮಾನಿಯ ಪ್ರಕಾರ ಆಕೆ ತಂಜಾವೂರಿನ ಪೀರ್‌ಜಾದೆ ಸೈಯದ್ ಬುರ್ಹಾನುದ್ದೀನರ ಮಗಳು. ವಿಲ್ಕ್ಸ್ ಪ್ರಕಾರ ಕೊಂಕಣದ ನವಾಯತರ ಮಗಳು. ತರೀಕೆರೆಯ ಬಳಿ ದರೋಡೆಕೋರರು ಆಕೆಯ ತಂದೆಯನ್ನು ಕೊಂದರು. ಎರಡನೆಯ ವಿಧವೆಯಾದ ಆಕೆಯ ತಾಯಿ ಮಕ್ಕಳೊಡನೆ ಭಿಕ್ಷೆ ಬೇಡುತ್ತಾ ಕೋಲಾರ ತಲುಪಿದಳು.

ಯಾರನ್ನು ನಂಬಬೇಕು? ಒಬ್ಬ ಆಸ್ಥಾನದ ಅಭಿಮಾನಿ, ಅರಸರ ಕುಲವನ್ನು ಹಿರಿದಾಗಿಸುತ್ತಾನೆ. ಇನ್ನೊಬ್ಬ ಗೆದ್ದ ಪಕ್ಷದವನು, ಕಿರಿದಾಗಿಸುತ್ತಾನೆ. ಆದರೆ ಮೂರನೆಯ ವಿಧವೆಯ ವಿಷಯದಲ್ಲಿ ಇಬ್ಬರ ಮಾತೂ ಕೂಡುತ್ತದೆ. ಆಕೆಯೇ ಹೈದರ್‌ರ ತಾಯಿ. ಸಿರಾ ಸುಬೇದಾರಿಗಾಗಿ ನಡೆದ ಕಾಳಗದಲ್ಲಿ, ಸುಮಾರು 1728ರಲ್ಲಿ, ಫತೆ ಮುಹಮ್ಮದ್ ಮಡಿದರು. ಗೌರಿಬಿದನೂರಿನ ನೆರೆಯ ದೊಡ್ಡಬಳ್ಳಾಪುರದಲ್ಲಿ ಅಬ್ಬಾಸ್ ಖುಲಿ ಖಾನ್ ಸಾಲದ ನೆಪ ಹೂಡಿ ಮನೆಯನ್ನು ದೋಚಿದ. ಬಾಲಕರಾದ ಶಹಬಾಜ್ ಮತ್ತು ಹೈದರ್‌ರನ್ನು ಹಣಕ್ಕಾಗಿ ಹಿಂಸಿಸಿದ. ಮಕ್ಕಳನ್ನು ನಗಾರಿಯೊಳಗೆ ಕೂರಿಸಿ ಬಾರಿಸಿದರೆಂದು ಕಿರ್ಮಾನಿ ಬರೆಯುತ್ತಾನೆ. ಬಿಡಿಸಿದವರು ದೊಡ್ಡಪ್ಪನ ಮಗ ಹೈದರ್ ಸಾಹೇಬರೆಂದು ಅವನ ಮತ. ಎರಡು ವಿರುದ್ಧ ಪಕ್ಷಗಳು ಒಪ್ಪುವ ಮಾತಿಗೆ ಇತಿಹಾಸದಲ್ಲಿ ಹೆಚ್ಚು ತೂಕ.

ಹೈದರ್ ಆ ದಿನವನ್ನು ಮರೆಯಲಿಲ್ಲ. ಮೂರು ದಶಕಗಳ ನಂತರ, 1761ರಲ್ಲಿ, ಅವರು ದೊಡ್ಡಬಳ್ಳಾಪುರ ವಶಪಡಿಸಿಕೊಂಡಾಗ ಅಬ್ಬಾಸ್ ಖುಲಿ ಖಾನ್ ಮದರಾಸಿಗೆ ಓಡಿಹೋದ. ರಾಜ್ಯ ಕೈಗೆ ಬಂತು, ಆದರೆ ಅಕ್ಷರ ಬರಲಿಲ್ಲ. ತಮ್ಮ ಹೆಸರಿನ ಮೊದಲ ಅಕ್ಷರವೊಂದನ್ನು ಗೀಚುವುದೇ ಅವರ ಸಹಿಯಾಗಿತ್ತು. 1782ರ ಡಿಸೆಂಬರ್ 7ರಂದು ಅವರು ಮರಣಹೊಂದಿದಾಗ ದೇಹವನ್ನು ಮೊದಲು ತಂದದ್ದು ಕೋಲಾರದ ಮಖ್ಬರಾಕ್ಕೆ, ತಂದೆಯ ಗೋರಿಯ ಬಳಿಗೆ. ನಂತರವೇ ಶ್ರೀರಂಗಪಟ್ಟಣಕ್ಕೆ ಒಯ್ದರು.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮ ಮನೆಯ ಷಜರಾ ಬರೆಯಿರಿ. ನಿಕಾಹ್‌ನಾಮೆ, ಹಳೆಯ ಜಮೀನು ಪತ್ರ, ಗೋರಿಯ ಕಲ್ಲು, ಅಜ್ಜಿಯ ನೆನಪು, ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ. ಹೊಂದದಿದ್ದರೆ ಎರಡನ್ನೂ ಬರೆದಿಡಿ, ಅಳಿಸಬೇಡಿ. ಯಾರ ಪಾಲು ಯಾರು ತಿಂದರೆಂಬ ಕಹಿ ವಿಷಯ ಬಂದರೆ ನಾಚಬೇಡಿ. ಯತೀಮರಿಗೆ ಬಾಗಿಲು ತೆರೆದವರ ಹೆಸರೂ ಅಲ್ಲೇ ಸಿಗುತ್ತದೆ. ಅಜ್ಜಿಯರ ಹೆಸರನ್ನು ಮಾತ್ರ ಬಿಡಬೇಡಿ. ಅವರನ್ನು ಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಿ.