ಸೆಲ್ಫ್ ತಿರುಗುತ್ತದೆ, ಕಿಡಿ ಹಾರದು

ಅಬ್ಬಾಸಿಯಾದಲ್ಲಿ ಹಳೆಯ ಕಾರು ಇಟ್ಟುಕೊಂಡು ಸಂಸಾರ ನಡೆಸಿದವರಿಗೆ ಈ ಅನುಭವ ಹೊಸದಲ್ಲ. ಬೆಳಗಿನ ಜಾವ ಕೀಲಿ ತಿರುವಿದರೆ ಸೆಲ್ಫ್ ಗರಗರನೆ ತಿರುಗುತ್ತದೆ. ಎಂಜಿನ್ ಮಾತ್ರ ಹೊತ್ತಿಕೊಳ್ಳುವುದಿಲ್ಲ. ಬಹಳ ವರ್ಷಗಳ ಹಿಂದೆ, ತಂದೆಯವರ ಕಾಯಿಲೆಯ ಸುದ್ದಿ ಕೇಳಿ ನನ್ನ ಹೆಂಡತಿ ಊರಿಗೆ ಹೊರಟ ದಿನವೇ ನಮ್ಮ ಕಾರು ಹೀಗೆ ಹಠ ಹಿಡಿಯಿತು. ಗಾಬರಿಯಲ್ಲಿ ಅರ್ಧ ಗಂಟೆ ಸೆಲ್ಫ್ ಹೊಡೆದು ಬ್ಯಾಟರಿಯನ್ನೂ ಮುಗಿಸಿದೆ. ಟ್ಯಾಕ್ಸಿ ಹಿಡಿದು ಹೋಗುವಷ್ಟರಲ್ಲಿ ವಿಮಾನ ತಪ್ಪಿತ್ತು. ಎರಡು ದಿನ ತಡವಾಗಿ ಆಕೆ ಊರು ಸೇರಿದಳು. ಇತ್ತ ನಾನು ಗ್ಯಾರೇಜಿನವರ ಮಾತು ಕೇಳಿ ಪ್ಲಗ್, ಕಾಯಿಲ್, ಬ್ಯಾಟರಿ ಎಂದು ಒಂದೊಂದನ್ನೇ ಬದಲಾಯಿಸಿದೆ. ಕೊನೆಗೆ ಸಿಕ್ಕ ದೋಷವೋ, ಡಿಸ್ಟ್ರಿಬ್ಯೂಟರಿನ ಮುಚ್ಚಳದಲ್ಲಿ ಕೂದಲೆಳೆಯಷ್ಟು ಒಂದು ಬಿರುಕು! ರಾತ್ರಿಯ ತೇವ ಆ ಬಿರುಕಿನಲ್ಲಿ ಕೂತು ಕರೆಂಟನ್ನು ಬೇರೆ ದಾರಿಗೆ ಎಳೆಯುತ್ತಿತ್ತು.

ಆ ಮೇಲೆ ಕಿಡಿಯ ಚರಿತ್ರೆ ಓದತೊಡಗಿದೆ. ಅದನ್ನು ಬಲ್ಲವನು ಊಹೆಯ ಮೇಲೆ ಹಣ ಚೆಲ್ಲಬೇಕಾಗಿಲ್ಲ ಎಂಬುದು ಆಗ ಮನಸ್ಸಿಗೆ ಬಂತು.

1831ರಲ್ಲಿ ಇಂಗ್ಲೆಂಡಿನ ಫ್ಯಾರಡೆ, ಅಯಸ್ಕಾಂತದ ಬಲ ಏರಿಳಿದಾಗ ಪಕ್ಕದ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ತೋರಿಸಿದ. ಕಾಯಿಲಿನ ಮೂಲ ಅದೇ. 1860ರಲ್ಲಿ ಪ್ಯಾರಿಸ್ಸಿನ ಲೆನ್ವಾರ್ ತನ್ನ ಗ್ಯಾಸ್ ಎಂಜಿನ್ನನ್ನು ವಿದ್ಯುತ್ ಕಿಡಿಯಿಂದಲೇ ಹೊತ್ತಿಸಿದ. ಆದರೆ ಆಗಿನ ಬ್ಯಾಟರಿಗಳನ್ನು ನಂಬುವಂತಿರಲಿಲ್ಲ. ಜರ್ಮನಿಯ ರಾಬರ್ಟ್ ಬಾಷ್ 1887ರಲ್ಲಿ ಮ್ಯಾಗ್ನೆಟೋ ತಯಾರಿಸಿದ. ಆತನ ಕಾರ್ಖಾನೆಯ ಗೊಟ್ಲೋಬ್ ಹೊನೋಲ್ಡ್ 1902ರಲ್ಲಿ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋವನ್ನೂ ಸ್ಪಾರ್ಕ್ ಪ್ಲಗ್ಗನ್ನೂ ಜೊತೆಗೂಡಿಸಿದ. ಮ್ಯಾಗ್ನೆಟೋ ಕಾರಿಗೆ ಕಿಡಿಗಾಗಿ ಬ್ಯಾಟರಿಯೇ ಬೇಡ. ಕೈಯಿಂದ ಹ್ಯಾಂಡಲ್ ತಿರುಗಿಸಿದರೆ ಆ ತಿರುಗಾಟವೇ ಕಿಡಿಯನ್ನೂ ಹುಟ್ಟಿಸುತ್ತಿತ್ತು.

ಈ ಎರಡು ಕೆಲಸಗಳನ್ನು ಬೇರೆ ಮಾಡಿದವನು ಅಮೆರಿಕದ ಚಾರ್ಲ್ಸ್ ಕೆಟ್ಟರಿಂಗ್. 1912ರ ಕ್ಯಾಡಿಲಾಕ್ ಕಾರಿನಲ್ಲಿ ಸೆಲ್ಫ್, ದೀಪ, ಕಿಡಿ ಮೂರಕ್ಕೂ ವಿದ್ಯುತ್ತಿನ ಏರ್ಪಾಡು ಬಂತು. ಅಂದಿನಿಂದ ಬ್ಯಾಟರಿಯಿಂದ ಎರಡು ದಾರಿ ಹೊರಟವು: ಒಂದು ಸೆಲ್ಫಿಗೆ, ಇನ್ನೊಂದು ಕಿಡಿಗೆ. ಆದುದರಿಂದ ಸೆಲ್ಫ್ ತಿರುಗಿತೆಂದರೆ ಮೊದಲ ದಾರಿ ಸರಿಯಿದೆ ಎಂದಷ್ಟೇ ಅರ್ಥ.

ಎರಡನೆಯ ದಾರಿ ಹೀಗಿದೆ. ಬ್ಯಾಟರಿಯ 12 ವೋಲ್ಟ್ ಕಾಯಿಲಿನೊಳಗೆ ಹರಿಯುತ್ತದೆ. ಪಾಯಿಂಟ್ ತೆರೆದು ಆ ಹರಿವು ತಟ್ಟನೆ ಕಡಿದಾಗ ಕಾಯಿಲಿನ ಇನ್ನೊಂದು ಸುತ್ತಿನಲ್ಲಿ 20,000 ವೋಲ್ಟ್ ಆಸುಪಾಸು ಹುಟ್ಟುತ್ತದೆ. ಪಾಯಿಂಟ್ ಸುಡದಂತೆ ಕಾಯುವುದು ಕಂಡೆನ್ಸರ್. ಹುಟ್ಟಿದ ಕರೆಂಟನ್ನು ರೋಟರ್ ಮತ್ತು ಮುಚ್ಚಳ ಸರದಿಯಂತೆ ಪ್ಲಗ್ಗುಗಳಿಗೆ ಹಂಚುತ್ತವೆ.

ಇಷ್ಟು ತಿಳಿದ ಮೇಲೆ ಪರೀಕ್ಷೆ ಸುಲಭ; ದಾರಿಯ ನಡುವೆ ನಿಂತು ನೋಡಬೇಕು. ಕಾಯಿಲಿನಿಂದ ಮುಚ್ಚಳದ ನಡುವಿಗೆ ಬರುವ ವಯರಿನ ತುದಿಯಲ್ಲಿ ಕಿಡಿ ಹಾರಿದರೆ ದೋಷ ಮುಂದಿದೆ: ಮುಚ್ಚಳ, ರೋಟರ್, ವಯರ್ ಅಥವಾ ಪ್ಲಗ್. ಅಲ್ಲಿಯೂ ಇಲ್ಲವಾದರೆ ದೋಷ ಹಿಂದಿದೆ: ಪಾಯಿಂಟ್, ಕಂಡೆನ್ಸರ್, ಕಾಯಿಲ್, ಇಲ್ಲವೇ ಕಾಯಿಲಿಗೆ ಕರೆಂಟೇ ಬರುತ್ತಿಲ್ಲ. ನನ್ನ ಕಾರಿಗೆ ಈ ಒಂದು ಪರೀಕ್ಷೆ ಮಾಡಿದ್ದರೆ ಹೊಸ ಕಾಯಿಲಿನ ದುಡ್ಡು ಉಳಿಯುತ್ತಿತ್ತು. ಆದರೆ ಬರಿಗೈಯಲ್ಲಿ ವಯರ್ ಹಿಡಿಯಬಾರದು, ಪೆಟ್ರೋಲ್ ವಾಸನೆ ಇರುವಲ್ಲಿ ಕಿಡಿ ಹಾರಿಸಲೂ ಬಾರದು. ತಿಳಿದವರ ಕೈಯಲ್ಲೇ ಮಾಡಿಸಿ.

1970ರ ದಶಕದಲ್ಲಿ ಅಮೆರಿಕದ ಕಾರುಗಳಲ್ಲಿ ಪಾಯಿಂಟಿನ ಜಾಗಕ್ಕೆ ಎಲೆಕ್ಟ್ರಾನಿಕ್ ಉಪಕರಣ ಬಂತು. ಈಗಿನ ಬಹುತೇಕ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರೂ ಇಲ್ಲ. ಎಂಜಿನ್ ಎಲ್ಲಿಗೆ ತಿರುಗಿದೆ ಎಂದು ಒಂದು ಸೆನ್ಸರ್ ಕಂಪ್ಯೂಟರಿಗೆ ತಿಳಿಸುತ್ತದೆ, ಪ್ಲಗ್ಗಿನ ತಲೆಯ ಮೇಲೇ ಕಾಯಿಲ್ ಕೂತಿರುತ್ತದೆ. ಇಂಥ ಕಾರಿನಲ್ಲಿ ವಯರ್ ಕಿತ್ತು ಕಿಡಿ ನೋಡುವ ಹಳೆಯ ಕ್ರಮ ಬೇಡ, ಬೆಲೆಬಾಳುವ ಉಪಕರಣ ಸುಟ್ಟುಹೋದೀತು. ಆದರೂ ಪ್ರಶ್ನೆ ಹಳೆಯದೇ: ಕರೆಂಟ್ ಎಲ್ಲಿಯವರೆಗೆ ಬಂದು ನಿಂತಿದೆ?

ಈ ಚರಿತ್ರೆಯಲ್ಲಿ ನಮ್ಮ ನಾಡಿಗೂ ಪಾಲಿದೆ. ಬಾಷ್ ಕಂಪನಿಯ ಸಹಯೋಗದಿಂದ 1951ರಲ್ಲಿ ಹುಟ್ಟಿದ ಮೈಕೋ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ದೇಶಕ್ಕೆಲ್ಲ ಸ್ಪಾರ್ಕ್ ಪ್ಲಗ್ ಒದಗಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾದರೂ, ನಮ್ಮ ತಲೆಮಾರಿನವರ ಬಾಯಲ್ಲಿ ಅದು ಮೈಕೋವೇ.

ಕೊನೆಯದಾಗಿ, ಅನುಭವ ಕಲಿಸಿದ ಒಂದು ಮಾತು. ನಾಲ್ಕು ಸಲ ಸೆಲ್ಫ್ ಹೊಡೆದರೂ ಕಾರು ಹೊತ್ತಿಕೊಳ್ಳದಿದ್ದರೆ ಐದನೆಯ ಸಲ ಹೊಡೆಯಬೇಡಿ. ಆ ದಿನ ವಿಮಾನ ಹಿಡಿಯಬೇಕಿದ್ದರೆ ಮೊದಲು ಟ್ಯಾಕ್ಸಿ ಕರೆಯಿರಿ. ಕಿಡಿಯನ್ನು ಸಂಜೆ ಬಂದು ಹುಡುಕಬಹುದು.